ರೈಫಲ್‌ನ ಎಡಗಡೆಯನ್ನೂ ತೋರಿಸಿ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಲ್ಯುದ್ಮಿಲಾ ಪಾವ್ಲಿಚೆಂಕೊ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಸ್ನೈಪರ್ ಆಗಿ, ಅಂದರೆ ದೂರದಿಂದ ಗುರಿಯಿಟ್ಟು, 309 ಜನ ಶತ್ರುಗಳನ್ನು ಹೊಡೆದ ಸೋವಿಯತ್ ಹೆಣ್ಣುಮಗಳ ವಿಷಯ ನಮ್ಮ ಹುಡುಗರಿಗೂ ಗೊತ್ತಾಗಲಿ. ಆದರೆ ಜೊತೆಗಿದ್ದ ರೈಫಲ್ ಫೋಟೊದ ಕೆಳಗೆ ‘ಆಕೆ ಬಳಸಿದ ಮೊಸಿನ್-ನಾಗಾಂಟ್’ ಅಂತ, ಆ ಕಾಲದ ಸೋವಿಯತ್ ಸೇನೆಯ ರೈಫಲ್ ಹೆಸರು, ಹಾಕಿದ್ದೀರಿ. ಸೇನೆಯಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿ ಮಾಡುವವನು, ಆಗಿದ್ದವನು ನಾನು. ಇದನ್ನು ನೋಡಿ ಸುಮ್ನೆ ಇರಲು ಆಗಲಿಲ್ಲ.

ಫೋಟೊದ ರೈಫಲ್ ಮೇಲೆ ಇರುವುದು ಪಿಯು ಅನ್ನುವ ಸ್ಕೋಪ್, ಗುರಿ ನೋಡುವ ದುರ್ಬೀನು. ಗಿಡ್ಡನೆಯದು, 3.5 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಇದನ್ನು ಮೊದಲು ಮಾಡಿದ್ದು ಎಸ್‌ವಿಟಿ-40 ಅನ್ನುವ ಬೇರೆ ಸೋವಿಯತ್ ರೈಫಲ್‌ಗೆ. ಮೊಸಿನ್ ಮೇಲೆ ಇದು ಬಂದಿದ್ದು 1942ರಲ್ಲಿ. ಪಾವ್ಲಿಚೆಂಕೊ ಗಾಯಗೊಂಡು ತಾನು ಕಾದಾಡುತ್ತಿದ್ದ ಸೆವಾಸ್ತೊಪೋಲ್ ನಗರ ಬಿಟ್ಟಿದ್ದೂ ಅದೇ ವರ್ಷದ ಜೂನ್‌ನಲ್ಲಿ. ಅದಕ್ಕೂ ಮುಂಚಿನ ಮೊಸಿನ್‌ಗಳ ಮೇಲಿದ್ದದ್ದು 4 ಪಟ್ಟಿನ, ಉದ್ದನೆಯ ಪಿಇ ಜಾತಿಯ ಸ್ಕೋಪ್. ಹಾಗಾಗಿ ಇದು ಆಕೆಯದು ಅನ್ನುವುದು ಕಷ್ಟ.

ಅಷ್ಟೇ ಆಗಿದ್ದರೆ ಬಿಡುತ್ತಿದ್ದೆ. ಗುಂಡಿನ ಕೋಣೆಯನ್ನು ತೆರೆದು ಮುಚ್ಚುವ ಬೋಲ್ಟಿನ ಹಿಡಿ ನೋಡಿ, ನೇರವಾಗಿ ಪಕ್ಕಕ್ಕೆ ಚಾಚಿಕೊಂಡಿದೆ. ಬೋಲ್ಟ್ ತೆರೆಯಬೇಕಾದರೆ ಆ ಹಿಡಿಯನ್ನು ಮೇಲಕ್ಕೆ ಎತ್ತಬೇಕು. ಅಲ್ಲಿ ಸ್ಕೋಪ್ ಕೂತಿದ್ದರೆ ಹಿಡಿ ಹೋಗಿ ಅದಕ್ಕೇ ಬಡಿಯುತ್ತದೆ, ಅಲ್ವಾ? ಅದಕ್ಕೇ ಸ್ನೈಪರ್ ಮೊಸಿನ್‌ಗೆ ಕೆಳಕ್ಕೆ ಬಗ್ಗಿಸಿದ ಉದ್ದ ಹಿಡಿ ಇರುತ್ತಿತ್ತು. ನಿಮ್ಮ ಫೋಟೊದ್ದು ಸಾಮಾನ್ಯ ಸಿಪಾಯಿ ರೈಫಲ್. ಯಾರೋ ಆಮೇಲೆ ಸ್ಕೋಪ್ ಕೂರಿಸಿದ್ದಾರೆ.

ಸ್ಕೋಪ್ ಎಲ್ಲಿ ಕೂರಬೇಕು ಅನ್ನುವುದನ್ನು ಗುಂಡು ತುಂಬುವ ರೀತಿಯೂ ತೀರ್ಮಾನಿಸುತ್ತದೆ. ಅಮೆರಿಕದ ಗರ್ಯಾಂಡ್ ರೈಫಲ್‌ಗೆ 8 ಗುಂಡಿನ ಕ್ಲಿಪ್ಪನ್ನು ಮೇಲಿಂದಲೇ ಒತ್ತಬೇಕು. ಅದಕ್ಕೆ ಸ್ಕೋಪನ್ನು ಎಡಕ್ಕೆ ಸರಿಸಿದರು. ಸರಿಸಿದ ಮೇಲೆ ಕೆನ್ನೆ ಊರಲು ಜಾಗ ಬೇಕಲ್ಲ, ಹಿಂಬದಿಯ ಮರಕ್ಕೆ ತೊಗಲಿನ ಮೆತ್ತೆ ಕಟ್ಟಿದರು. ಜರ್ಮನ್ನರ ಕಾರ್ 98ಕೆ ರೈಫಲ್‌ಗೆ ಮಾತ್ರ ಒಂದು ಪದ್ಧತಿ ಅಂತಿಲ್ಲ, ಸ್ಕೋಪನ್ನು ಹಿಡಿದಿಡುವ ಮೌಂಟ್‌ಗಳು ಥರಾವರಿ. ಅವರ ಜಡ್‌ಎಫ್ 41 ಸ್ಕೋಪ್ ಅಂತೂ ಬರೀ 1.5 ಪಟ್ಟು. ಅದನ್ನು ಸ್ಕೋಪ್ ಅನ್ನೋಕೇ ನನಗೆ ಮನಸ್ಸಿಲ್ಲ.

ನನಗೆ ಮೆಚ್ಚುಗೆಯಾದದ್ದು ನಮ್ಮ ಸೇನೆಯಲ್ಲೂ ಇದ್ದ .303 ಲೀ-ಎನ್‌ಫೀಲ್ಡ್ ನಂಬರ್ 4 ಟಿ. ಕಾರ್ಖಾನೆಯಲ್ಲಿ ಚೆನ್ನಾಗಿ ಗುರಿ ಹೊಡೆದ ರೈಫಲ್‌ಗಳನ್ನು ಆರಿಸುತ್ತಿದ್ದರು. ಅವುಗಳಲ್ಲಿ ಬಹುಪಾಲಿಗೆ ಸ್ಕೋಪ್ ಹಾಕಿದ್ದು ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ. ರೈಫಲ್‌ನ ಎಡ ಮೈಗೆ ಉಕ್ಕಿನ ಎರಡು ಪ್ಯಾಡ್. ಬ್ರಾಕೆಟ್ ತಂದು ಅದಕ್ಕೆ ಆನಿಸಿ, ಬೆರಳಲ್ಲೇ ತಿರುಗುವ ಎರಡು ದಪ್ಪ ಸ್ಕ್ರೂ ಬಿಗಿದರೆ ಮುಗೀತು. ಬಿಚ್ಚಿ ಡಬ್ಬಿಯಲ್ಲಿಟ್ಟು ಮತ್ತೆ ಹಾಕಿದರೂ ಗುರಿ ತಪ್ಪಬಾರದು, ಹಾಗೆ ಮಾಡಿದ್ದರು. ಆದರೆ ಮುಂದಿನ ಪ್ಯಾಡ್ ಬರಬರುತ್ತಾ ಸಡಿಲವಾಗುವುದಿತ್ತು. ಕಣ್ಣಿಗೆ ಏನೂ ಕಾಣಲ್ಲ, ಬ್ರಾಕೆಟ್ ಹಿಡಿದು ಅಲ್ಲಾಡಿಸಿದರೆ ಕೈಗೆ ಗೊತ್ತಾಗುತ್ತದೆ. ‘ಸ್ಕೋಪ್ ಕೆಟ್ಟಿದೆ’ ಅಂತ ಬಂದ ರೈಫಲ್‌ನಲ್ಲಿ ನಾನು ಮೊದಲು ಮುಟ್ಟಿ ನೋಡುತ್ತಿದ್ದದ್ದೇ ಆ ಪ್ಯಾಡನ್ನು.

ಇನ್ನೊಂದು ವಿಷಯ. ರೈಫಲ್‌ನ ನಂಬರನ್ನು ಬ್ರಾಕೆಟ್ ಮೇಲೂ, ಸ್ಕೋಪಿನ ನಂಬರನ್ನು ಹಿಡಿಕೆಯ ಮರದ ಮೇಲೂ ಒತ್ತಿರುತ್ತಿದ್ದರು. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಮತ್ತೆ ಮೊದಲಿಂದ ಜೀರೋ ಮಾಡಬೇಕು, ಅಂದರೆ ಗುಂಡು ಬೀಳುವ ಜಾಗಕ್ಕೆ ಸ್ಕೋಪಿನ ಗುರಿ ಹೊಂದಿಸಬೇಕು. ಪ್ರದರ್ಶನಕ್ಕೆ ಇಡುವವರು ಒರೆಸಿ ಹೊಳಪು ಕೊಡುವ ಭರದಲ್ಲಿ ಈ ಜೋಡಿಗಳನ್ನು ಬೆರಕೆ ಮಾಡಿಬಿಡುತ್ತಾರೆ. ಆ ಎರಡು ನಂಬರ್ ನೋಡಿಕೊಂಡರೆ ಸಾಕು.

ಫೋಟೊದ ಬರಹವನ್ನು ದಯವಿಟ್ಟು ತಿದ್ದಿ. ಮುಂದೆ ಇಂಥ ರೈಫಲ್ ಚಿತ್ರ ಹಾಕುವಾಗ ಎಡಗಡೆಯಿಂದ ತೆಗೆದದ್ದೂ ಒಂದಿರಲಿ. ಬೋಲ್ಟ್ ಹಿಡಿ ಕಾಣಲಿ ಅಂತ ಎಲ್ಲರೂ ಬಲಗಡೆಯಿಂದಲೇ ತೆಗೆಯುತ್ತಾರೆ, ಆದರೆ ಮೊಸಿನ್ ಆಗಲಿ ಎನ್‌ಫೀಲ್ಡ್ ಆಗಲಿ ಮೌಂಟ್ ಇರುವುದು ಎಡಗಡೆ.

— ಒಬ್ಬ ನಿವೃತ್ತ ಆರ್ಮರರ್, ಸಕಲೇಶಪುರ