ಮಾಂಟೊವಾಕ್ಕೂ ಎರಡು ದಿನ ಇಡಿ

ಮಾನ್ಯರೆ,

ಇಟಲಿಗೆ ಹೋದವರು ರೋಮ್, ವೆನಿಸ್ ಸುತ್ತಿ ಸುಸ್ತಾಗಿ ಬರುತ್ತಾರೆ. ವೆರೋನಾದಿಂದ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ ಹೋದರೆ ಮಾಂಟೊವಾ. ಕಾಗದದ ಟಿಕೆಟಾದರೆ ಹತ್ತುವ ಮೊದಲೇ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಿ, ಮರೆತರೆ ದಂಡ. ಸೋಮವಾರ ಡ್ಯೂಕರ ಅರಮನೆಗೆ ರಜೆ. ಅಲ್ಲಿ ಚಿತ್ರಕಾರ ಮಾಂಟೆನ್ಯಾ 1474ರಲ್ಲಿ ಮುಗಿಸಿದ ಚಿತ್ರಕೋಣೆಗೆ ಒಮ್ಮೆಗೆ ಕೆಲವರನ್ನಷ್ಟೇ ಬಿಡುತ್ತಾರೆ, ಹಾಗಾಗಿ ಸಮಯ ಮೊದಲೇ ಕಾದಿರಿಸಬೇಕು. ಕತ್ತೆತ್ತಿದರೆ ಚಾವಣಿಯಲ್ಲಿ ಬರೆದ ದುಂಡು ಕಿಂಡಿಯಿಂದ ಹೆಂಗಸರು, ಜೊತೆಗೊಂದು ನವಿಲು ನಿಮ್ಮನ್ನೇ ಇಣುಕಿ ನೋಡುತ್ತಾರೆ!

ಜುಲೈ–ಆಗಸ್ಟ್‌ನಲ್ಲಿ ಊರ ಸುತ್ತಲಿನ ಕೆರೆ ತುಂಬ ತಾವರೆ, ಸೊಳ್ಳೆಯೂ ಅಷ್ಟೇ. ಕುಂಬಳದ ಹೂರಣದ ತೊರ್ತೆಲ್ಲಿ ಎಂಬ ತಿನಿಸು ನಮ್ಮ ಕಡುಬಿನಂತೆ ಕಂಡರೂ ಕಣಕದಲ್ಲಿ ಮೊಟ್ಟೆ, ಚೀಸಿನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಇರುತ್ತದೆ. ಸಸ್ಯಾಹಾರಿಗಳು ಕೇಳಿಯೇ ತಿನ್ನಲಿ.

– ಪ್ರವಾಸಾಸಕ್ತರು, ಮೈಸೂರು