ಕುಡಿತ ಬಿಡಿಸುವ ಆತುರದಲ್ಲಿ ಜೀವ ಹೋಗದಿರಲಿ

ಮಾನ್ಯ ಸಂಪಾದಕರೇ,

ಕುಡಿತದ ಕೇಡಿನ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಮದ್ಯದಿಂದ ಸತ್ತವರು 26 ಲಕ್ಷ, ಮಾದಕ ವಸ್ತುಗಳಿಂದ ಸತ್ತವರು 6 ಲಕ್ಷ. ಮದ್ಯವಿಲ್ಲದೆ ಇರಲಾರದ ಸ್ಥಿತಿಗೆ ಬಂದವರು ಸುಮಾರು 20.9 ಕೋಟಿ. ಇಂಥವರು ಒಮ್ಮೆಗೇ ನಿಲ್ಲಿಸಿದರೆ ಏನಾಗುತ್ತದೆ ಎಂದು ಬರೆಯುವವರು ಮಾತ್ರ ಕಡಿಮೆ. ‘ಕೋಣೆಯಲ್ಲಿ ಕೂಡಿಹಾಕಿ, ಮೂರು ದಿನ ಒದ್ದಾಡಿ ಸರಿಹೋಗುತ್ತಾನೆ’ ಎನ್ನುವವರಿಗೆ ಆ ಮೂರು ದಿನವೇ ಗಂಡಾಂತರದ್ದೆಂದು ತಿಳಿದಿರುವುದಿಲ್ಲ.

ಮದ್ಯ ಮಿದುಳಿನ ಚಟುವಟಿಕೆಗೆ ಬ್ರೇಕ್ ಹಾಕುತ್ತದೆ. ವರ್ಷಗಟ್ಟಲೆ ದಿನವೂ ಕುಡಿದರೆ ಅದನ್ನು ಸರಿದೂಗಿಸಲು ಮಿದುಳು ತನ್ನ ವೇಗ ಹೆಚ್ಚಿಸಿಕೊಂಡಿರುತ್ತದೆ. ದಿಢೀರನೆ ಮದ್ಯ ನಿಂತಾಗ ಬ್ರೇಕ್ ಹೋಗಿ ವೇಗ ಉಳಿಯುತ್ತದೆ. ಕೊನೆಯ ಗುಟುಕಾದ 6ರಿಂದ 12 ಗಂಟೆಯಲ್ಲಿ ಕೈನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಹಗಲೋ ರಾತ್ರಿಯೋ ತಿಳಿಯದು, ಇಲ್ಲದ ಹುಳುಗಳನ್ನು ಮೈಮೇಲಿಂದ ಕಿತ್ತು ಎಸೆಯುತ್ತಾರೆ, ಜ್ವರ ಮತ್ತು ರಕ್ತದೊತ್ತಡ ಏರುತ್ತವೆ. ಇದು ನಾಟಕವಲ್ಲ, ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಬೆಳಿಗ್ಗೆ ಎದ್ದ ಕೂಡಲೇ ನಡುಕ ನಿಲ್ಲಿಸಲು ಕುಡಿಯುವವರು, ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಸನ್ನಿ ಕಂಡವರು, ಯಕೃತ್ತು ಕೆಟ್ಟವರು, ಜೊತೆಗೆ ನಿದ್ರೆ ಮಾತ್ರೆ ನುಂಗುವವರು ಮನೆಯಲ್ಲಿ ಈ ಪ್ರಯತ್ನಕ್ಕೆ ಇಳಿಯಲೇಬಾರದು. ಬಿಟ್ಟು ಮತ್ತೆ ಹಿಡಿದು ಮತ್ತೆ ಬಿಟ್ಟವರಲ್ಲಿ ಲಕ್ಷಣಗಳು ಸಾಮಾನ್ಯವಾಗಿ ಸಲದಿಂದ ಸಲಕ್ಕೆ ಜೋರಾಗುತ್ತವೆ. ವೈದ್ಯರನ್ನು ಕಾಣುವವರೆಗೆ ಪೂರ್ತಿ ನಿಲ್ಲಿಸಬೇಡಿ ಎಂದರೆ ಮನೆಯವರಿಗೆ ಸಿಟ್ಟು ಬರುತ್ತದೆ. ಆದರೂ ಸರಿಯಾದ ಸಲಹೆ ಅದೇ. ಆಸ್ಪತ್ರೆಯಲ್ಲಿ ಮಿದುಳನ್ನು ಶಾಂತಗೊಳಿಸುವ ಡಯಾಜೆಪಾಮ್ ಜಾತಿಯ ಔಷಧ ಕೊಟ್ಟು, ಸಾಮಾನ್ಯವಾಗಿ 5ರಿಂದ 7 ದಿನದಲ್ಲಿ ಅದರ ಪ್ರಮಾಣ ಇಳಿಸುತ್ತಾ ನಿಲ್ಲಿಸುತ್ತಾರೆ. ಇದನ್ನು ಅಂಗಡಿಯಿಂದ ತಾವೇ ತಂದು ನುಂಗಿ, ಮೇಲೆ ಕುಡಿದರೆ ಉಸಿರೇ ನಿಲ್ಲಬಹುದು.

ಇನ್ನೊಂದು ತಪ್ಪು, ‘ಸುಸ್ತಾಗಿದ್ದಾರೆ, ಒಂದು ಗ್ಲೂಕೋಸ್ ಏರಿಸಿ’ ಎಂಬ ಒತ್ತಾಯ. ಕುಡುಕರ ದೇಹದಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ನಡಿಗೆ ತೂರಾಡುತ್ತದೆ, ಕಣ್ಣುಗುಡ್ಡೆಯ ಚಲನೆ ತಪ್ಪುತ್ತದೆ, ನೆನಪು ಶಾಶ್ವತವಾಗಿ ಹೋಗುವುದೂ ಉಂಟು. ಹಾಗಾಗಿ ಕಾಲು ಮುರಿದೋ ಆಪರೇಷನ್ನಿಗೋ ದಾಖಲಾದಾಗಲೂ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ದಿನಕ್ಕೆ ಎಷ್ಟು, ಕೊನೆಯ ಸಲ ಯಾವಾಗ ಎಂದು ಮೊದಲೇ ಹೇಳಿ. ಮುಚ್ಚಿಟ್ಟ ಕುಡಿತ ಮೂರನೇ ದಿನ ವಾರ್ಡಿನಲ್ಲಿ ಸನ್ನಿಯಾಗಿ ಹೊರಬರುತ್ತದೆ.

ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಊಟದಲ್ಲಿ ಗುಟ್ಟಾಗಿ ಬೆರೆಸುವುದಂತೂ ಶುದ್ಧ ಅನಾಹುತ. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ, ಹೃದ್ರೋಗಿ ಸಾಯಲೂಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಇರಬಹುದು. ರೋಗಿಯ ಒಪ್ಪಿಗೆ ಪಡೆದು, ಕನಿಷ್ಠ 12 ಗಂಟೆ ಮದ್ಯ ಮುಟ್ಟದಿದ್ದ ಮೇಲೆ ಕೊಡುವ ಮಾತ್ರೆ ಅದು.

ಹೆರಾಯಿನ್‌ನಂಥ ಅಫೀಮು ಜಾತಿಯ ಚಟದಲ್ಲಿ ಲೆಕ್ಕ ಬೇರೆ. ಬಿಡುವಾಗಿನ ನರಳಾಟದಿಂದ ಸಾಯುವವರು ವಿರಳ. ಬಿಟ್ಟ ಮೇಲೆ ಕೆಲವೇ ವಾರಗಳಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ, ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡವರ ಉಸಿರು ನಿಲ್ಲಬಹುದು. ಚಿಕಿತ್ಸಾ ಕೇಂದ್ರಗಳು ಬಿಡುಗಡೆಯ ದಿನ ಈ ಮಾತನ್ನು ರೋಗಿಗೂ ಮನೆಯವರಿಗೂ ಹೇಳಿಯೇ ಕಳಿಸಬೇಕು, ಅಫೀಮು ಜಾತಿಯ ಮಾದಕದ ಪರಿಣಾಮ ತಡೆದು ಉಸಿರು ಮರಳಿಸುವ ನಲೋಕ್ಸೋನ್ ಔಷಧವನ್ನು ಸಿಗುವ ಕಡೆ ಕೊಟ್ಟು ಬಳಸುವುದನ್ನೂ ಕಲಿಸಬೇಕು.

– ವ್ಯಸನ ಚಿಕಿತ್ಸಾ ಕ್ಷೇತ್ರದ ವೈದ್ಯರು