ಶುಂಠಿಯ ಜೊತೆಗೆ ಅಳತೆಯೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಮನೆಮದ್ದಿನ ಮಾತು ಬಂದಾಗಲೆಲ್ಲ ಶುಂಠಿಗೆ ಮೊದಲ ಮಣೆ ಸಿಗುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ‘ಅಜೀರ್ಣವಾದರೆ ಶುಂಠಿ ಕಷಾಯ ಕುಡಿಯಿರಿ’ ಎಂಬ ಒಂದು ಸಾಲಿನ ಸಲಹೆಯು, ಮದುವೆ ಊಟದಲ್ಲಿ ಹೋಳಿಗೆ ಒಂದೆರಡು ಹೆಚ್ಚಾದವರಿಗೂ, ಮಧುಮೇಹ, ಮೂತ್ರಪಿಂಡದ ಕಾಯಿಲೆ, ಕ್ಯಾನ್ಸರ್‌ಗಳೊಂದಿಗೆ ವರ್ಷಗಟ್ಟಲೆ ಬದುಕುತ್ತಿರುವವರಿಗೂ ಒಂದೇ ರೀತಿ ಅನ್ವಯಿಸಲಾರದು ಎಂಬುದನ್ನು ನಮ್ಮ ಮನೆಯ ಅನುಭವದಿಂದ ಹೇಳಬೇಕಾಗಿದೆ.

ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ ಬಂದು 18 ವರ್ಷಗಳಾದವು. ಎರಡು ವರ್ಷಗಳ ಹಿಂದೆ, ನಾಲ್ಕು ತುತ್ತು ಉಣ್ಣುವಷ್ಟರಲ್ಲಿ ಅವರಿಗೆ ಹೊಟ್ಟೆ ತುಂಬಿದಂತಾಗಿ ಓಕರಿಕೆ ಬರತೊಡಗಿತು. ಮಲೆನಾಡಿನ ಮನೆ, ಶುಂಠಿಗೇನು ಬರ? ಹೆಬ್ಬೆರಳಿನ ಗಾತ್ರದ ಹಸಿ ಶುಂಠಿಯನ್ನು ಜಜ್ಜಿ, ಜೀರಿಗೆಯೊಡನೆ ಕುದಿಸಿ, ಬೆಲ್ಲದ ಚೂರು ಹಾಕಿದ ಕಷಾಯ ಬೆಳಗ್ಗೆ ಸಂಜೆ ನಡೆಯಿತು. ಓಕರಿಕೆ ತಗ್ಗುತ್ತಲೂ ಇತ್ತು. ತಗ್ಗುತ್ತಿದ್ದುದರಿಂದಲೇ ಏಳೆಂಟು ತಿಂಗಳು ಅದನ್ನು ವೈದ್ಯರ ಮುಂದೆ ಯಾರೂ ಬಾಯಿಬಿಡಲಿಲ್ಲ. ವೈದ್ಯರೂ ಸಕ್ಕರೆಯ ಅಂಕಿ ನೋಡಿ ಇನ್ಸುಲಿನ್ ಏರಿಸಿ ಇಳಿಸಿದರೇ ಹೊರತು ಹೊಟ್ಟೆಯ ಸಮಾಚಾರ ಕೇಳಲಿಲ್ಲ. ಒಂದು ದಿನ ಬೆಳಗ್ಗೆ ಅವರು ವಾಂತಿ ಮಾಡಿಕೊಂಡಾಗ, ಹಿಂದಿನ ರಾತ್ರಿಯ ಬೀನ್ಸ್ ಪಲ್ಯದ ಹೋಳುಗಳು ನಾನು ಹೆಚ್ಚಿದ ಹಾಗೆಯೇ ಇದ್ದವು.

ಆಮೇಲೆ ನಡೆದ ಪರೀಕ್ಷೆಯಲ್ಲಿ, ಅತಿ ಅಲ್ಪ ಪ್ರಮಾಣದ ವಿಕಿರಣಶೀಲ ವಸ್ತು ಬೆರೆಸಿದ ಇಡ್ಲಿ ತಿನ್ನಿಸಿ, ಅದು ಜಠರದಿಂದ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆಂದು ಗಂಟೆಗಂಟೆಗೂ ನೋಡಿದರು. ನಾಲ್ಕು ಗಂಟೆಯ ನಂತರವೂ ತಿಂದದ್ದರಲ್ಲಿ ಶೇ 10ಕ್ಕಿಂತ ಹೆಚ್ಚು ಉಳಿದಿದ್ದರೆ ಅದು ಗ್ಯಾಸ್ಟ್ರೋಪರೇಸಿಸ್, ಅಂದರೆ ಜಠರದ ಚಲನೆ ಮಂದವಾಗಿರುವ ಸ್ಥಿತಿ. ದೀರ್ಘಕಾಲದ ಮಧುಮೇಹವು ಜಠರವನ್ನು ನಡೆಸುವ ವೇಗಸ್ ನರಕ್ಕೆ ಹಾನಿ ಮಾಡಿದಾಗ ಹೀಗಾಗುತ್ತದೆ. ಊಟಕ್ಕೆ ಮುಂಚೆ ಚುಚ್ಚಿಕೊಂಡ ಇನ್ಸುಲಿನ್ ತನ್ನ ಹೊತ್ತಿಗೆ ಕೆಲಸ ಶುರು ಮಾಡಿದರೂ ಅನ್ನ ಕರುಳಿಗೆ ಇಳಿದಿರುವುದಿಲ್ಲವಾದ್ದರಿಂದ, ಉಂಡ ಬೆನ್ನಿಗೇ ಸಕ್ಕರೆ ಕುಸಿದು ಅವರ ಮೈ ಬೆವರುತ್ತಿತ್ತು, ನಡುರಾತ್ರಿ ಅದೇ ಸಕ್ಕರೆ ಏರಿ ಕೂರುತ್ತಿತ್ತು. ನಾವು ಅದಕ್ಕೆಲ್ಲ ಬೆಲ್ಲವನ್ನು ದೂರುತ್ತಿದ್ದೆವು. ಅದರ ಪಾಲೂ ಇತ್ತೆನ್ನಿ.

ಶುಂಠಿಯಲ್ಲಿ ಹುರುಳಿಲ್ಲ ಎನ್ನುವುದು ನನ್ನ ವಾದವಲ್ಲ. ಅದರ ಖಾರಕ್ಕೆ ಕಾರಣವಾದ ಜಿಂಜರಾಲ್ ಮತ್ತು ಒಣಗಿದಾಗ ಅದರಿಂದ ಉಂಟಾಗುವ ಶೋಗಾಲ್, ಸೆರೊಟೋನಿನ್ ಎಂಬ ದೇಹದ ರಾಸಾಯನಿಕದ ಸಂದೇಶ ಪಡೆದು ವಾಂತಿಯನ್ನು ಪ್ರಚೋದಿಸುವ ಗ್ರಾಹಕಗಳನ್ನು ತಡೆಯುತ್ತವೆ. ಕ್ಯಾನ್ಸರ್ ರೋಗಿಗಳಿಗೆ ಕೊಡುವ ವಾಂತಿ ನಿರೋಧಕ ಮಾತ್ರೆಗಳ ಒಂದು ಬಗೆಯೂ ಕೆಲಸ ಮಾಡುವುದು ಅಲ್ಲಿಯೇ. ಅಮೆರಿಕದಲ್ಲಿ ಕಿಮೊಥೆರಪಿ ಪಡೆಯುತ್ತಿದ್ದ 576 ರೋಗಿಗಳ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ವಾಂತಿ ನಿರೋಧಕ ಔಷಧದ ಜೊತೆಗೆ ಶುಂಠಿಯನ್ನೂ ತೆಗೆದುಕೊಂಡವರಲ್ಲಿ ಮೊದಲ ದಿನದ ಓಕರಿಕೆ ಕಡಿಮೆಯಾಗಿತ್ತು. ಹೆಚ್ಚು ಗುಣ ಕಂಡದ್ದು ದಿನಕ್ಕೆ ಅರ್ಧ ಗ್ರಾಂ ಮತ್ತು ಒಂದು ಗ್ರಾಂ ಪಡೆದವರಲ್ಲಿ, ಒಂದೂವರೆ ಗ್ರಾಂ ಪಡೆದವರಲ್ಲಿ ಅಲ್ಲ. ಔಷಧದ ಬದಲಿಗೆ ಶುಂಠಿಯನ್ನು ಕೊಟ್ಟಿರಲಿಲ್ಲ ಎಂಬುದನ್ನೂ ಗಮನಿಸಬೇಕು.

ಇನ್ನೊಂದು ಕಡೆ, 2011ರಲ್ಲಿ ಅಜೀರ್ಣದ 11 ರೋಗಿಗಳಿಗೆ 1.2 ಗ್ರಾಂ ಶುಂಠಿ ಕೊಟ್ಟು ನೋಡಿದಾಗ ಜಠರ ಬೇಗ ಖಾಲಿಯಾಯಿತು, ಆದರೆ ಹೊಟ್ಟೆಯ ಸಂಕಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಐಬಿಎಸ್ ಎಂಬ ಕರುಳಿನ ತೊಂದರೆಯಿದ್ದ 45 ಮಂದಿಯ ಮೇಲೆ 2014ರಲ್ಲಿ ನಡೆದ ಪ್ರಯೋಗದಲ್ಲಂತೂ ಶುಂಠಿಯು, ಹೋಲಿಕೆಗೆಂದು ಕೊಡುವ ಔಷಧವಿಲ್ಲದ ಹುಸಿ ಗುಳಿಗೆಗಿಂತ ಮೇಲೆಂದು ತೋರಲೇ ಇಲ್ಲ. ಇವೆಲ್ಲ ಚಿಕ್ಕ ಪ್ರಯೋಗಗಳು, ನಿಜ. ಆದರೂ ಹೊಟ್ಟೆಯ ಯಾವ ತೊಂದರೆಗೆ ಎಂದು ಕೇಳದೆ ಶುಂಠಿ ಕೊಡುವುದು ಸರಿಯಲ್ಲ ಎಂದಷ್ಟು ತಿಳಿಯಲು ಇವು ಸಾಕು.

ಇದನ್ನು ಇಂಗ್ಲಿಷ್ ವೈದ್ಯರ ಅನುಮಾನವೆಂದು ತಳ್ಳಿಹಾಕುವವರು 16ನೇ ಶತಮಾನದ ಆಯುರ್ವೇದ ಗ್ರಂಥ ‘ಭಾವಪ್ರಕಾಶ’ವನ್ನು ತೆರೆದು ನೋಡಬಹುದು. ಊಟಕ್ಕೆ ಮುಂಚೆ ಉಪ್ಪಿನೊಡನೆ ಹಸಿ ಶುಂಠಿ ತಿನ್ನುವುದು ಪಥ್ಯವೆಂದ ಅದೇ ಗ್ರಂಥ, ರಕ್ತಪಿತ್ತ (ರಕ್ತಸ್ರಾವದ ತೊಂದರೆ), ಪಾಂಡು (ರಕ್ತಹೀನತೆಯಂಥ ಬಿಳಿಚುವಿಕೆ), ಮೂತ್ರಕೃಚ್ಛ್ರ (ಮೂತ್ರ ವಿಸರ್ಜನೆಯ ಕಷ್ಟ), ಜ್ವರ, ಉರಿ ಇರುವವರಿಗೂ, ಬೇಸಿಗೆ ಮತ್ತು ಶರದೃತುವಿನಲ್ಲಿಯೂ ಅದು ಒಳ್ಳೆಯದಲ್ಲವೆಂದು ಹೇಳಿದೆ. ನಾವು ಮೊದಲರ್ಧವನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿದ್ದೇವೆ.

ಆ ಉಪ್ಪಿನ ವಿಷಯವನ್ನೇ ನೋಡಿ. ರಕ್ತದೊತ್ತಡ, ಹೃದಯದ ಕಾಯಿಲೆ ಇದ್ದವರಿಗೆ ದಿನವೂ ಉಪ್ಪು ಸವರಿದ ಶುಂಠಿ ಹೇಗೆ ಹಿತವಾದೀತು? ಡಯಾಲಿಸಿಸ್ ಮಾಡಿಸಿಕೊಳ್ಳುವವರು ಕುಡಿಯುವ ನೀರನ್ನು ಲೋಟದಲ್ಲಿ ಅಳೆಯುತ್ತಾರೆ. ಕಷಾಯವೂ ಆ ಲೆಕ್ಕಕ್ಕೆ ಸೇರಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಶುಂಠಿ ಗುಳಿಗೆಯ ಡಬ್ಬಿಯನ್ನು ವೈದ್ಯರಿಗೆ ತೋರಿಸಿಯೇ ತೆಗೆದುಕೊಳ್ಳಬೇಕು.

ಅತ್ತೆಯವರ ಶುಂಠಿ ಈಗಲೂ ನಿಂತಿಲ್ಲ. ಮೆತ್ತನೆಯ ಅನ್ನವನ್ನು ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪವೇ ಉಣ್ಣುತ್ತಾರೆ, ಇನ್ಸುಲಿನ್ ಹೊತ್ತು ಬದಲಾಗಿದೆ. ಮಧ್ಯಾಹ್ನಕ್ಕೆ ಶುಂಠಿ ತಂಬುಳಿ ಇರುತ್ತದೆ. ನಾರು ಈ ಜಠರಕ್ಕೆ ಆಗಿಬರುವುದಿಲ್ಲವಾದ್ದರಿಂದ ಶುಂಠಿಯನ್ನು ಅರೆದು, ಬಟ್ಟೆಯಲ್ಲಿ ಹಿಂಡಿ, ರಸ ಮಾತ್ರ ಮಜ್ಜಿಗೆಗೆ ಬೆರೆಸುತ್ತೇನೆ. ಬೆಲ್ಲ ಬಿಟ್ಟಿದ್ದೇವೆ. ಅವರಿಗೆ ರುಚಿ ಸಾಲದೆಂಬ ದೂರು ಇದ್ದೇ ಇದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ: ಇನ್ನು ಮುಂದೆ ಶುಂಠಿಯ ಬಗ್ಗೆ ಬರೆಸುವಾಗ ಹಸಿಯೋ ಒಣಗಿದ್ದೋ, ದಿನಕ್ಕೆ ಎಷ್ಟು, ಯಾರಿಗೆ ಬೇಡ ಎಂಬುದನ್ನೂ ಅಚ್ಚು ಮಾಡಿ. ಒಂದು ಗ್ರಾಂ ಒಣ ಶುಂಠಿ ಪುಡಿಯೆಂದರೆ ಸುಮಾರು ಅರ್ಧ ಟೀ ಚಮಚ ಎಂದು ಹೇಳಲು ಒಂದು ಸಾಲು ಸಾಕು. ಹಾಗೆಯೇ ಎರಡು ವಾರ ಕಳೆದರೂ ಓಕರಿಕೆ ಬಿಡದಿದ್ದರೆ, ತೂಕ ಇಳಿಯುತ್ತಿದ್ದರೆ, ಹಿಂದಿನ ಹೊತ್ತಿನ ಊಟ ವಾಂತಿಯಲ್ಲಿ ಕಂಡರೆ ಕಷಾಯದ ಪಾತ್ರೆ ಕೆಳಗಿಳಿಸಿ ವೈದ್ಯರಲ್ಲಿಗೆ ಹೋಗುವಂತೆಯೂ ಅದೇ ಲೇಖನದಲ್ಲಿ ಸೂಚಿಸಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು,
ಸಾಗರ, ಶಿವಮೊಗ್ಗ ಜಿಲ್ಲೆ